ಕೊರಡು ಹೂತ ಮಡಿ

ಏಪ್ರಿಲ್ ಬಿಸಿಲು. ಚಿತ್ರದುರ್ಗದ ನಮ್ಮ ಹಿತ್ತಿಲಲ್ಲಿ ಬದನೆ ಮಡಿ ಕೆದಕಿದಾಗ, ಎರಡು ವರ್ಷದ ಹಿಂದೆ ಹೂತಿದ್ದ ನುಗ್ಗೆ ಕೊರಡಿನ ಚೂರು ಕೈಗೆ ಸಿಕ್ಕಿತು. ಅದರ ತುಂಬ ಬಿಳಿ ಎಳೆಗಳು. ಹಿಂಡಿದರೆ ನೀರು ತೊಟ್ಟಿಕ್ಕಿತು. ಮಡಿಗೆ ನೀರು ಬಿಟ್ಟು ಆಗಲೇ ನಾಲ್ಕು ದಿನವಾಗಿತ್ತು!

ಕಟ್ಟಿಗೆ, ಸೊಪ್ಪು, ಸಗಣಿ ಹೂತು ಮೇಲೆ ಮಣ್ಣೇರಿಸಿ ತರಕಾರಿ ಬೆಳೆಯುವುದಕ್ಕೆ ಜರ್ಮನ್ನರು ಹ್ಯೂಗಲ್‌ಕುಲ್ಟೂರ್ ಅನ್ನುತ್ತಾರೆ. ಹ್ಯೂಗಲ್ ಅಂದರೆ ದಿಬ್ಬ. ಹಸಿ ಕೊರಡು ನೀರನ್ನು ಅಷ್ಟಾಗಿ ಹೀರುವುದಿಲ್ಲ. ಆ ಬಿಳಿ ಎಳೆಗಳು ಶಿಲೀಂಧ್ರದವು. ಅವು ಮರವನ್ನು ಒಳಗಿಂದ ತಿಂದು ಟೊಳ್ಳು ಮಾಡಿದ ಮೇಲೇ ಅದು ಸ್ಪಂಜಿನಂತಾಗುವುದು.

ಮೊದಲ ವರ್ಷ ನಾನು ಎಡವಿದೆ. ಬರೀ ಕಟ್ಟಿಗೆ ತುಂಬಿ, ಮೇಲೆ ಮಣ್ಣು ಎಳೆದು ಪಾಲಕ್ ಹಾಕಿದೆ. ಎಲೆಯೆಲ್ಲ ಹಳದಿ. "ಹೊಟ್ಟೆಗಿಲ್ಲದ ಮಕ್ಕಳ ಥರ ಇದಾವಲ್ಲೋ" ಅಂದರು ಅಮ್ಮ. ನಿಜವೇ. ಕಟ್ಟಿಗೆಯಲ್ಲಿ ಒಂದು ಪಾಲು ಸಾರಜನಕಕ್ಕೆ 300–500 ಪಾಲು ಇಂಗಾಲ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಹಿತವಾದದ್ದು ಸುಮಾರು 25–30 ಪಾಲು. ಕೊರತೆ ಬಿದ್ದ ಸಾರಜನಕವನ್ನು ಅವು ಸುತ್ತಲ ಮಣ್ಣಿಂದಲೇ ಎಳೆದುಕೊಳ್ಳುತ್ತವೆ. ಪಾಲಕ್‌ಗೆ ಉಪವಾಸ. ಮುಂದಿನ ಸಲ ಕೊರಡಿನ ಸಂದಿಗೆಲ್ಲ ಹಸಿ ಸಗಣಿ, ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪು ತುರುಕಿ, ಗಂಜಲ ಸುರಿದೆ. ಮೇಲೆ ಒಂದು ಗೇಣು ಒಳ್ಳೆ ಮಣ್ಣು. ಮೊದಲ ಬೆಳೆ ಅಲಸಂದೆ, ಅದು ಗಾಳಿಯ ಸಾರಜನಕವನ್ನು ಬೇರುಗಂಟಿನಲ್ಲಿ ಹಿಡಿಯುತ್ತದೆ.

ಇನ್ನೊಂದು ವಿಷಯ. ಎತ್ತರದ ದಿಬ್ಬ ತಂಪು ದೇಶಕ್ಕೆ ಸರಿ. ಅಲ್ಲಿ ನೀರು ಬಸಿದು ಮಣ್ಣು ಬೇಗ ಬೆಚ್ಚಗಾಗಬೇಕು. ನಮಗೆ ಬೇಕಿರೋದು ಅದರ ಉಲ್ಟಾ, ಅಲ್ವಾ? ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಈ ಗಾಳಿಗೆ ದಿಬ್ಬ ನಾಲ್ಕೂ ಕಡೆಯಿಂದ ಒಣಗುತ್ತದೆ. ಅದಕ್ಕೇ ಒಂದೂವರೆ ಅಡಿ ಗುಂಡಿ ತೆಗೆದು ಕೊರಡನ್ನು ನೆಲದೊಳಗೇ ಹೂತೆ. ಮಡಿ ನೆಲದಿಂದ ಗೇಣೆತ್ತರ ಅಷ್ಟೇ.

ನೀಲಗಿರಿ ಕೊರಡನ್ನು ಮಾತ್ರ ನಾನು ಮುಟ್ಟಲ್ಲ, ಅದರ ಎಣ್ಣೆ, ರಸ ಎಳೆ ಸಸಿಗೆ ಆಗಿಬರುವುದಿಲ್ಲ. ಗೆದ್ದಲಂತೂ ಬಂದೇ ಬರುತ್ತದೆ. ಮಡಿಯನ್ನು ಮನೆ ಗೋಡೆಯಿಂದ ದೂರ ಮಾಡಿ.

ಕೊರಡು ಕರಗಿದಂತೆ ಮಡಿ ಕುಸಿಯುತ್ತದೆ. ನಮ್ಮದು ಈಗ ನೆಲಸಮ. ಚನ್ನಗಿರಿ ಕಡೆ ರಸ್ತೆ ಬದಿಯಲ್ಲಿ ಅಡಿಕೆ ಸಿಪ್ಪೆ ರಾಶಿ ಬಿದ್ದಿರುತ್ತದೆ. ನಾರು ಗಟ್ಟಿ, ಬೇಗ ಕೊಳೆಯಲ್ಲ. ಎರಡು ಚೀಲ ತರಿಸಿ ಸಗಣಿ ನೀರಲ್ಲಿ ನೆನೆಹಾಕಿದ್ದೇನೆ. ಮುಂದಿನ ಗುಂಡಿಗೆ ಅದೇ.