ಲಿನಕ್ಸ್‌ದಾಗ ಬಟನ್ ಎಲ್ಲಿಂದ ಬರ್ತದ? ಜಿಟಿಕೆ ಮತ್ತ ನಮ್ಮ ಒತ್ತಕ್ಷರ

ಲಿನಕ್ಸ್ ಸ್ಕ್ರೀನ್ ಮ್ಯಾಲ ಕಾಣೋ ಬಟನ್ನು, ಮೆನು, ಸ್ಕ್ರೋಲ್‌ಬಾರು ಇವೆಲ್ಲಾ ಸಿಸ್ಟಮ್ಮೇ ಕೊಡ್ತದ ಅಂತ ಭಾಳ ಮಂದಿ ತಿಳ್ಕೊಂಡಾರ. ಕೊಡಂಗಿಲ್ರಿ. ಲಿನಕ್ಸ್ ಮತ್ತ ಅದಕ್ಕ ಮಾದರಿ ಆದ ಯುನಿಕ್ಸ್‌ದಾಗ ಸ್ಕ್ರೀನ್ ನೋಡ್ಕೋತ ಬಂದಿದ್ದು ಎಕ್ಸ್ ವಿಂಡೋ ಸಿಸ್ಟಮ್, 1984ರಾಗ ಅಮೆರಿಕಾದ ಎಂಐಟಿ ವಿಶ್ವವಿದ್ಯಾಲಯದೊಳಗ ಹುಟ್ಟಿದ್ದು, ಅದರ 11ನೇ ಆವೃತ್ತಿ 1987ಕ್ಕ ಬಂತು, ಈಗ ಅದರ ಬದ್ಲಿ ವೇಲ್ಯಾಂಡ್ ಅನ್ನೋ ಹೊಸಾದು ಬಂದ್ರೂ ಎಷ್ಟೋ ಮಷಿನ್‌ನ್ಯಾಗ ಅದ ಓಡ್ಲಾಕತ್ತದ. ಎಕ್ಸ್‌ಗೆ ಗೊತ್ತಿರೋದು ಇಷ್ಟ: ಒಂದು ಕಿಟಕಿ ತೆರಿ, ಗೆರಿ ಎಳಿ, ಬಣ್ಣ ತುಂಬು, ಮೌಸ್ ಎಲ್ಲಿ ಒತ್ತಿದ್ರು ಹೇಳು. ಬಟನ್ ಹೆಂಗ ಕಾಣ್ಬೇಕು ಅನ್ನೋದಕ್ಕ ನಾವು ಕೈ ಹಾಕಂಗಿಲ್ಲ ಅಂತ ಅದನ್ನ ಮಾಡಿದವ್ರು ಬೇಕಂತನ ಬಿಟ್ಟಾರ. ಖಾಲಿ ಪ್ಲಾಟ್ ಕೈಗೆ ಕೊಟ್ಟು ಮನಿ ನೀನ ಕಟ್ಕೋ ಅಂದಂಗ. ಆ ಕಟ್ಟೋ ಸಾಮಾನಿಗೆ ಟೂಲ್‌ಕಿಟ್ ಅಂತಾರ.

ಇಂಥಾ ಟೂಲ್‌ಕಿಟ್‌ದಾಗ ಮೊದಲ ದೊಡ್ಡ ಹೆಸ್ರು ಮಾಡಿದ್ದು ಮೋಟಿಫ್. ಅದರ ಬಟನ್ ಉಬ್ಬಿದಂಗ ಕಾಣೋದು ಹೆಂಗಂದ್ರ, ಮ್ಯಾಲ ಮತ್ತ ಎಡಕ್ಕ ತಿಳಿ ಬಣ್ಣದ ಪಟ್ಟಿ, ಕೆಳಗ ಮತ್ತ ಬಲಕ್ಕ ಕಪ್ಪ್ ಬಣ್ಣದ ಪಟ್ಟಿ, ಒತ್ತಿದ್ರ ಎರಡೂ ಅದಲಬದಲಾಗ್ತಾವ, ನಮ್ಮ ಕಣ್ಣು ಒಳಗ ಹೋತು ಅಂತ ನಂಬ್ತದ. ಅಷ್ಟ. ಆದ್ರ ಮೋಟಿಫ್‌ಗೆ ರೊಕ್ಕ ಕೊಡಬೇಕಿತ್ತು. ಅಮೆರಿಕಾದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತ ಪೀಟರ್ ಮ್ಯಾಟಿಸ್, ಗಿಂಪ್ ಅನ್ನೋ ಫೋಟೋ ತಿದ್ದೋ ಪ್ರೋಗ್ರಾಮ್ ಮೊದಲ ಮೋಟಿಫ್ ಮ್ಯಾಲ ಬರದಿದ್ರು, ಅದರ ಕಾಟ ಸಾಕಾಗಿ ತಮ್ಮದ ಒಂದು ಟೂಲ್‌ಕಿಟ್ ಮಾಡ್ಕೊಂಡ್ರು, ಅದ ಜಿಟಿಕೆ. 1997ರಾಗ ಗ್ನೋಮ್ ಡೆಸ್ಕ್‌ಟಾಪ್ ಸುರು ಆದಾಗ ಅವ್ರೂ ಇದನ್ನ ಹಿಡಿದ್ರು, ಯಾಕಂದ್ರ ಕೆಡಿಇ ಅನ್ನೋ ಇನ್ನೊಂದು ಡೆಸ್ಕ್‌ಟಾಪಿನ ಮಂದಿ ಆರಿಸ್ಕೊಂಡಿದ್ದ ಕ್ಯೂಟಿ ಅನ್ನೋ ಟೂಲ್‌ಕಿಟ್ಟಿನ ಲೈಸೆನ್ಸ್ ಆಗ ಪೂರಾ ಮುಕ್ತ ಇರಲಿಲ್ಲ.

ನಮ್ಮ ಅಣ್ಣನ ಮಗ ಇಲ್ಲೇ ವಿಜಯಪುರದಾಗ ಇಂಜಿನಿಯರಿಂಗ್ ಓದ್ತಾನ, ಮನಿ ತಿಕೋಟಾ ಕಡೆ, ಒಣ ದ್ರಾಕ್ಷಿ ವ್ಯಾಪಾರ. ತೂಕದ ಚೀಟಿ ಕನ್ನಡದಾಗ ಬರೋ ಪ್ರೋಗ್ರಾಮ್ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಮತ್ತ ಜಿಟಿಕೆ ಹಿಡಿದು ಬರೀಲಾಕತ್ತಿದ್ದ. "ಕಾಕಾ, ಬಟನ್ ಒತ್ತಿದ್ರ ಒಮ್ಮೊಮ್ಮೆ ವಿಂಡೋನ ಸತ್ತಂಗ ಆಗ್ತದಲ್ರೀ" ಅಂದ. ಅದಕ್ಕ ಕಾರಣ ತಿಳಿಬೇಕಂದ್ರ ಬಟನ್ ಒಳಗ ಏನಾಗ್ತದ ನೋಡಬೇಕು. ನೀವು ಒತ್ತಿದ್ರ ಎಕ್ಸ್ ಬರೇ ಈ ಜಾಗಾದಾಗ ಒತ್ತಿದ್ರು ಅಂತ ಸುದ್ದಿ ಕಳಸ್ತದ, ಜಿಟಿಕೆಯ ಮೇನ್ ಲೂಪ್, ಅಂದ್ರ ಬಂದ ಸುದ್ದಿ ಒಂದೊಂದಾಗಿ ತಗೋತ ತಿರುಗೋ ಚಕ್ರ, ಅದನ್ನ ತಗೊಂಡು ಆ ಜಾಗಾದಾಗ ಯಾವ ವಿಜೆಟ್ (ಬಟನ್, ಮೆನು ಇಂಥ ತುಂಡು) ಅದ ಅಂತ ಹುಡುಕಿ ಅದಕ್ಕ ಮುಟ್ಟಸ್ತದ, ಬಟನ್ ತನ್ನ ಚಿತ್ರ ಬದಲಿ ಮಾಡ್ಕೊಂಡು ಕುಂದರ್ತದ, ಕೆಲಸ ಇನ್ನೂ ಆಗಿರಂಗಿಲ್ಲ. ಬೆರಳು ಬಿಟ್ಟಾಗ ಮೌಸ್ ಇನ್ನೂ ಬಟನ್ ಮ್ಯಾಲ ಇದ್ರ ಮಾತ್ರ ಕ್ಲಿಕ್ ಅನ್ನೋ ಸಿಗ್ನಲ್ ಹೊರಡ್ತದ, ನೀವು ಬರೆದ ಫಂಕ್ಷನ್ ಓಡ್ತದ. ಒತ್ತಿ ಹಿಡಿದು ಪಕ್ಕಕ್ಕ ಎಳದು ಬಿಡ್ರಿ, ಏನೂ ಆಗಂಗಿಲ್ಲ, ತಪ್ಪಿ ಒತ್ತಿದವ್ರಿಗೆ ಅದೊಂದು ಸಂದಿ. ಈಗ ವಿಷಯ ಏನಂದ್ರ ವಿಂಡೋನ ಮತ್ತೊಮ್ಮೆ ಬರೆಯೋದೂ ಅದ ಲೂಪಿನ ಕೆಲಸ, ಹುಡುಗ ಕ್ಲಿಕ್ ಫಂಕ್ಷನ್ ಒಳಗ ಇಡೀ ವರ್ಷದ ಬಿಲ್ ಕೂಡ್ಸಲಾಕ ಹಚ್ಚಿದ್ದ, ಅದು ಮುಗಿಯೋತನ ಲೂಪ್ ತಿರುಗಂಗಿಲ್ಲ. ಭಾರಿ ಲೆಕ್ಕಾನ ಬ್ಯಾರೆ ಥ್ರೆಡ್‌ಗೆ, ಅಂದ್ರ ಜೋಡಿಗೆ ಓಡೋ ಇನ್ನೊಂದು ಎಳಿಗೆ, ಹಾಕು, ಆದ್ರ ಆ ಥ್ರೆಡ್‌ನಿಂದ ವಿಜೆಟ್ ಮುಟ್ಟಬ್ಯಾಡ ಅಂದೆ.

ನನಗ ಜಿಟಿಕೆ ಮ್ಯಾಲ ಪ್ರೀತಿ ಬರೋದು ಕನ್ನಡದ ಸಲವಾಗಿ. ಹಳೆ ಎಕ್ಸ್ ಫಾಂಟ್ ಪದ್ಧತಿಯೊಳಗ ಒಂದು ಸಂಕೇತಕ್ಕ ಒಂದು ಚಿತ್ರ, ಸಾಲಾಗಿ ಇಟ್ಕೋತ ಹೋಗೋದು, ಇಂಗ್ಲಿಷಿಗೆ ಸಾಕು. ಕರ್ನಾಟಕ ಅಂತ ಟೈಪ್ ಮಾಡ್ರಿ: ಮೆಮರಿಯೊಳಗ ಕ, ರ, ಅರ್ಧಾಕ್ಷರ ಮಾಡೋ ಹಲಂತ (್), ನ, ದೀರ್ಘ (ಾ), ಟ, ಕ ಹಿಂಗ 7 ಸಂಕೇತ ಕುಂತಿರ್ತಾವ. ಕಣ್ಣಿಗೆ ಕಾಣೋದು 4 ಅಕ್ಷರ, ಅದರಾಗೂ ಮೊದಲ ಬಂದ ರ-ಕಾರ ಅರ್ಕಾವತ್ತಾಗಿ "ನಾ" ಅಕ್ಷರ ಆದಮ್ಯಾಲ ಕುಂದರ್ತದ. ಈ ಲೆಕ್ಕ ಯಾರರ ಮಾಡಬೇಕಲ್ಲ. 2002ರ ಮಾರ್ಚ್‌ದಾಗ ಬಂದ ಜಿಟಿಕೆ 2.0 ಈ ಕೆಲಸಾನ ಪ್ಯಾಂಗೋ ಅನ್ನೋ ಲೈಬ್ರರಿಗೆ (ಎಲ್ಲಾ ಪ್ರೋಗ್ರಾಮೂ ಬಳಸೋ ತಯಾರ್ ಕೋಡ್) ಒಪ್ಪಿಸ್ತು, ಮುಂದ ಪ್ಯಾಂಗೋ ಅಕ್ಷರ ಜೋಡಸೋ ಭಾಗ ಹಾರ್ಫ್‌ಬಝ್ ಅನ್ನೋ ಇನ್ನೊಂದು ಲೈಬ್ರರಿಗೆ ಬಿಟ್ಟುಕೊಡ್ತು. ಇದರ ಲಾಭ ನೋಡ್ರಿ, ಲೆಕ್ಕದ ಪ್ರೋಗ್ರಾಮ್ ಬರದಂವಗ ಕನ್ನಡದ ಹೆಸರೂ ಗೊತ್ತಿರಬೇಕಂತಿಲ್ಲ, ಅಂವ ಒಂದು ಲೇಬಲ್ ಇಟ್ರ ಸಾಕು, ಅದರೊಳಗ ಒತ್ತಕ್ಷರ ತಾನಾಗಿ ಸರಿ ಬೀಳ್ತದ. ಒಂದ ಕಡೆ ರಿಪೇರಿ ಆದ್ರ ಎಲ್ಲಾ ಪ್ರೋಗ್ರಾಮಿಗೂ ಆಗ್ತದ.

ಇನ್ನೊಂದು, ಜಿಟಿಕೆಯೊಳಗ ಬಟನ್ ಇಷ್ಟ ಪಿಕ್ಸೆಲ್ ಅಂತ ಅಳದು ಇಡೋದು ಚಲೋ ಅಲ್ಲ, ಡಬ್ಬಿ ಒಳಗ ಡಬ್ಬಿ ಇಟ್ಟು ಯಾವುದು ಹಿಗ್ಗಬೇಕು ಅಂತ ಹೇಳಬೇಕು. ಅಳದು ಇಟ್ಟವ್ರ ಪ್ರೋಗ್ರಾಮ್‌ನ್ಯಾಗ ದ್ರಾಕ್ಷಿ ಅಂತ ಬರದ್ರ ಕೆಳಗಿನ ಒತ್ತು ಕತ್ತರಿಸಿ ಹೋಗಿರ್ತದ.

ಬೈಯೋದೂ ಅದ. 2011ಕ್ಕ ಜಿಟಿಕೆ 3, 2020ಕ್ಕ ಜಿಟಿಕೆ 4, ಪ್ರತಿ ಸಲ ಹಳೆ ಪ್ರೋಗ್ರಾಮ್ ಮತ್ತ ತಿದ್ದಿ ಬರೀಬೇಕು, ಒಬ್ಬನ ಕುಂತು ನಡಸೋ ಸಣ್ಣ ಪ್ರೋಗ್ರಾಮಿಗೆ ಇದು ಭಾಳ ತ್ರಾಸು.

ಹುಡುಗಂದು ಸ್ಕ್ರೀನ್ ಮ್ಯಾಲ ಎಲ್ಲಾ ಸರಿ ಆತು, ಆದ್ರ ಚೀಟಿ ಹೊಡಿಯೋ ಸಣ್ಣ ಥರ್ಮಲ್ ಪ್ರಿಂಟರ್ ಒಳಗ ಕನ್ನಡ ಫಾಂಟ್ ಇಲ್ಲ, ಅಕ್ಷರ ಕಳಿಸಿದ್ರ ಕಸ ಬೀಳ್ತದ. ಅದಕ್ಕ ಪ್ಯಾಂಗೋ ಮತ್ತ ಕೈರೋ ಅನ್ನೋ ಚಿತ್ರ ಬರಿಯೋ ಲೈಬ್ರರಿ ಕೂಡಿಸಿ ಇಡೀ ಚೀಟಿನ ಕಪ್ಪು-ಬಿಳಿ ಚಿತ್ರ ಮಾಡಿ ಕಳಸ್ತಾನ, ಪ್ರಿಂಟರ್‌ಗೆ ಅದು ಕನ್ನಡ ಅಂತ ಗೊತ್ತಾಗೋದ ಇಲ್ಲ. ಸ್ವಲ್ಪ ನಿಧಾನ ಬರ್ತದ ಅಂತ ಅಣ್ಣ ಗೊಣಗ್ತಾನ.