ಒಂದು ಕಾರಿಗೆ ಜಾಗ, ಹದಿಮೂರು ಕಾರುಗಳ ನೆರಳು

ಬಯಲಲ್ಲಿ ಒಂದು ಕಾರು ನಿಲ್ಲಿಸಲು, ಅದು ಒಳಗೆ ಬಂದು ಹೊರಗೆ ಹೋಗುವ ದಾರಿಯೂ ಸೇರಿ, 23 ಚದರ ಮೀಟರ್ ಜಾಗ ಬೇಕೆಂಬುದು ನಮ್ಮ ನಗರ ಯೋಜಕರ ಲೆಕ್ಕ. ಚೆನ್ನಾಗಿ ಬೆಳೆದ ಮಳೆಮರದ ಹರವು ಅಡ್ಡಕ್ಕೆ 20 ಮೀಟರ್ ಇರುವುದು ಅಪರೂಪವೇನಲ್ಲ. ಹಾಗಿದ್ದರೆ ಅದರ ಕೆಳಗೆ 314 ಚದರ ಮೀಟರ್ ನೆರಳು ಬೀಳುತ್ತದೆ. ಹದಿಮೂರು ಕಾರುಗಳ ಜಾಗಕ್ಕೆ ಸಮನಾದ ನೆರಳು ಅದು. ಕಾಂಡವೂ ಅದರ ಸುತ್ತ ಬಿಡಬೇಕಾದ ಮಣ್ಣೂ ಸೇರಿ ಹಿಡಿಯುವ ಜಾಗವಾದರೋ ಒಂದು ಕಾರಿನದು. ಪಾರ್ಕಿಂಗ್‌ಗೆಂದು ಮರ ಕಡಿಯುವಾಗ ನಾವು ಮಾಡುವ ವ್ಯಾಪಾರ ಇದು. ಈ ವ್ಯಾಪಾರ ಬೇಡವೆಂದು ಜನ ಹಟ ಹಿಡಿಯುತ್ತಿರುವುದಕ್ಕೆ ಈಗ ಸಾಕಷ್ಟು ದೊಡ್ಡ ಇತಿಹಾಸವಿದೆ.

ಬೆಂಗಳೂರಿನ ಸಾಲುಮರಗಳು ತಾವಾಗಿ ಹುಟ್ಟಿದವಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ಬೀದಿಗಳಿಗೆ ಹಾಕಿಸಿದರು. ಎಂಬತ್ತರ ದಶಕದಲ್ಲಿ, ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದಾಗ ಶುರುವಾದ ಹಸಿರೀಕರಣದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಸುಮಾರು 15 ಲಕ್ಷ ಸಸಿಗಳು ನೆಲ ಹಿಡಿದವು. ಸಸಿಗೆ ನೀರು ಹಾಕುವ, ದನದಿಂದ ಕಾಯುವ ಹೊಣೆಯಲ್ಲಿ ಎದುರು ಮನೆಯವರೂ ಪಾಲುದಾರರಾದರು. ಬಡಾವಣೆಯ ಹಿರಿಯರು ಮರದ ಬುಡದಲ್ಲಿ ನಿಂತು ‘ಇದು ನಮ್ಮ ಮರ’ ಎನ್ನುವುದರಲ್ಲಿ ಉತ್ಪ್ರೇಕ್ಷೆಯಿಲ್ಲ. ಅವರೇ ಸಾಕಿದ್ದು.

ಆ ಸಸಿಗಳು ಬಲಿತು ನೆರಳು ಕೊಡುವ ಕಾಲಕ್ಕೆ ಬೀದಿಗೆ ಕಾರು ಬಂತು. ನಗರದ ನೋಂದಾಯಿತ ವಾಹನಗಳ ಸಂಖ್ಯೆ ಈಗ ಒಂದು ಕೋಟಿ ದಾಟಿದೆ. ಚಲಿಸುವ ಕಾರಿಗಷ್ಟೇ ರಸ್ತೆ ಬೇಕು ಎಂದುಕೊಳ್ಳುತ್ತೇವೆ, ಆದರೆ ಕಾರು ದಿನದ ಬಹುಪಾಲು ನಿಂತೇ ಇರುತ್ತದೆ. ಅಗಲೀಕರಣದ ಹೆಸರಲ್ಲಿ ಮರ ಕಳೆದುಕೊಂಡ ಎಷ್ಟೋ ರಸ್ತೆಗಳಲ್ಲಿ ಹೊಸದಾಗಿ ಸಿಕ್ಕ ಅಂಚು ಕೊನೆಗೆ ಪಾರ್ಕಿಂಗ್ ಸಾಲಾಗಿಯೇ ಉಳಿದಿದೆ. ಆದ್ದರಿಂದ ಅಗಲೀಕರಣದ ವಿರುದ್ಧದ ಹೋರಾಟವನ್ನೂ ಪಾರ್ಕಿಂಗ್ ವಿರುದ್ಧದ ಹೋರಾಟವನ್ನೂ ಬೇರೆ ಬೇರೆ ಎಂದು ನೋಡಲು ನನಗೆ ಸಾಧ್ಯವಾಗಿಲ್ಲ.

2009ರಲ್ಲಿ ಮೆಟ್ರೊಗಾಗಿ ಜಯನಗರದ ನಂದಾ ರಸ್ತೆಯ ಮರಗಳಿಗೆ ಕುತ್ತು ಬಂದಾಗ ‘ಹಸಿರು ಉಸಿರು’ ಬಳಗದವರು, ಬಡಾವಣೆಯವರು ಬೀದಿಗಿಳಿದರು. 2011ರಲ್ಲಿ ಮಲ್ಲೇಶ್ವರದ ಸ್ಯಾಂಕಿ ರಸ್ತೆಯಲ್ಲಿ ಅದೇ ನಡೆಯಿತು, ವಿಷಯ ಹೈಕೋರ್ಟ್‌ಗೂ ಹೋಯಿತು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆಗೆ 812 ಮರಗಳು ಹೋಗುತ್ತವೆ ಎಂದು ಗೊತ್ತಾದಾಗ, 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ಮಾನವ ಸರಪಳಿ ಕಟ್ಟಿ ‘ಬೇಡ’ ಎಂದರು. ಮರುವರ್ಷ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಮರದ ವಿಷಯದಲ್ಲಿ ಬೆಂಗಳೂರಿಗರು ಕಂಡ ದೊಡ್ಡ ಗೆಲುವು ಅದು.

ಪಾರ್ಕಿಂಗ್‌ನ ನಂಟು ಮುಚ್ಚುಮರೆಯಿಲ್ಲದೆ ಕಾಣಿಸಿದ್ದು 2018ರಲ್ಲಿ ದೆಹಲಿಯಲ್ಲಿ. ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ ಸೇರಿದಂತೆ ಏಳು ಸರ್ಕಾರಿ ವಸತಿ ಕಾಲೊನಿಗಳನ್ನು ಕೆಡವಿ ಎತ್ತರದ ಕಟ್ಟಡ ಕಟ್ಟುವ ಯೋಜನೆ ಅದು. ಸುಮಾರು 16,500 ಮರಗಳು ಹೋಗಬೇಕಿತ್ತು. ಹೊಸ ನಕ್ಷೆಯಲ್ಲಿ ಸುಮಾರು 70 ಸಾವಿರ ವಾಹನಗಳಿಗೆ ಪಾರ್ಕಿಂಗ್ ಇತ್ತು. ಅಷ್ಟು ದೊಡ್ಡ ನೆಲಮಾಳಿಗೆ ಅಗೆದರೆ ಮೇಲಿನ ಮರ ಬದುಕುವುದು ಹೇಗೆ? ಜೂನ್ ತಿಂಗಳ ಆ ಸುಡುಬಿಸಿಲಲ್ಲಿ ಅಲ್ಲಿನ ನಿವಾಸಿಗಳು ಮರಗಳನ್ನು ತಬ್ಬಿ ನಿಂತರು. 1983ರಲ್ಲಿ ಶಿರಸಿಯ ಸಲ್ಕಣಿ ಬಳಿಯ ಕಾಡಿನಲ್ಲಿ ಅಪ್ಪಿಕೋ ಚಳವಳಿಗಾರರು ಮಾಡಿದ್ದೂ ಅದನ್ನೇ. ದೆಹಲಿ ಹೈಕೋರ್ಟ್ ತಡೆ ಕೊಟ್ಟಿತು, ನಕ್ಷೆ ಬದಲಿಸುವುದಾಗಿ ಸರ್ಕಾರ ಹೇಳಿತು. ಅಷ್ಟು ಹೊತ್ತಿಗೆ ಕೆಲವು ಕಾಲೊನಿಗಳಲ್ಲಿ ಗರಗಸ ಆಡಿಯಾಗಿತ್ತು.

ಕಾನೂನು ಏನು ಹೇಳುತ್ತದೆ? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ನಗರದಲ್ಲಿ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಮುಂದೆ ಬಂದ ತಿದ್ದುಪಡಿಯಂತೆ, ಕಡಿಯಬೇಕಾದ ಮರಗಳು 50ಕ್ಕಿಂತ ಹೆಚ್ಚಿದ್ದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಜನ ಹೋರಾಡಿ ಪಡೆದ ಅವಕಾಶ ಇದು, ನಿಜ. ಆದರೆ 50ರ ಗೆರೆಯೇ ಒಂದು ಕಂಡಿಯಾಗಿದೆ. 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರ್ ಅಲಿ ರಸ್ತೆಯಲ್ಲಿ ಅಗಲೀಕರಣಕ್ಕೆಂದು ಕಡಿದದ್ದು 40 ಮರಗಳನ್ನು. ಊರಿಗೆ ಊರೇ ಸಿಟ್ಟಾಯಿತು, ಪ್ರತಿಭಟನೆಯಾಯಿತು, ಆದರೆ ಎಲ್ಲವೂ ಮರ ನೆಲಕ್ಕೆ ಬಿದ್ದ ಮೇಲೆ. ಅಂಗಡಿ, ಕಚೇರಿ, ಆಸ್ಪತ್ರೆಗಳ ಪಾರ್ಕಿಂಗ್‌ಗೆ ಬೇಕಾಗುವುದು ಮೂರೋ ಹತ್ತೋ ಮರ. ಅಂಥ ಕಡೆ ಎದುರು ಮನೆಯವರಿಗೆ ಸುದ್ದಿ ಮುಟ್ಟುವುದು ಗರಗಸದ ಸದ್ದಿನಿಂದಲೇ.

ಅನುಮತಿ ಕೇಳದೆಯೂ ಮರ ಕೊಲ್ಲಬಹುದು ಎಂಬುದು ಇನ್ನೂ ಸಂಕಟದ ವಿಷಯ. ಯಾವುದಾದರೂ ಹಳೆಯ ಪಾರ್ಕಿಂಗ್ ಜಾಗದ ಮರದ ಬುಡ ನೋಡಿ. ಇಂಟರ್‌ಲಾಕ್ ಟೈಲ್ಸ್ ತೊಗಟೆಗೆ ತಾಗಿಕೊಂಡೇ ಇರುತ್ತದೆ, ಸಂದಿಗೆ ಸಿಮೆಂಟು ಮೆತ್ತಿರುತ್ತಾರೆ. ಕಾಂಡ ದಪ್ಪವಾಗುತ್ತಾ ಹೋದಂತೆ ಸಿಮೆಂಟಿನ ಅಂಚಿನ ಮೇಲೆ ಉಬ್ಬಿ ಮಡಿಚಿಕೊಂಡಿರುತ್ತದೆ. ಚಕ್ರಗಳ ಭಾರಕ್ಕೆ ಮಣ್ಣು ಗಟ್ಟಿಯಾಗಿ, ಬೇರಿಗೆ ಗಾಳಿಯಿಲ್ಲ, ಮಳೆ ಬಂದರೂ ನೀರು ಇಳಿಯುವುದಿಲ್ಲ. ಸೋರಿದ ಎಣ್ಣೆ ಒಂದು ಕಡೆ, ಬೋರ್ಡು ಹೊಡೆದ ಮೊಳೆಗಳು ಇನ್ನೊಂದು ಕಡೆ. ಚರಂಡಿಗೋ ಕೇಬಲ್ಲಿಗೋ ಒಂದು ಬದಿಯ ಬೇರು ಕತ್ತರಿಸಿದ ಮೇಲೆ, ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಮರ ವಾಲುತ್ತದೆ. ಆಗ ಅದು ‘ಅಪಾಯಕಾರಿ ಮರ’. ಅಪಾಯಕಾರಿ ಮರ ತೆಗೆಯಲು ಅನುಮತಿ ಸುಲಭ. ಕಡತದಲ್ಲಿ ಎಲ್ಲೂ ಪಾರ್ಕಿಂಗ್ ಎಂಬ ಪದ ಬರುವುದಿಲ್ಲ. ಮರದ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಪ್ರಕರಣವೊಂದರಲ್ಲಿ 2013ರಷ್ಟು ಹಿಂದೆಯೇ ಆದೇಶಿಸಿದೆ. ಆ ಒಂದು ಮೀಟರನ್ನು ನಮ್ಮ ಪಾದಚಾರಿ ಮಾರ್ಗಗಳಲ್ಲಿ ಹುಡುಕಿ ನೋಡಬೇಕು.

‘ಒಂದು ಕಡಿದರೆ ಹತ್ತು ನೆಡುತ್ತೇವೆ’ ಎಂಬ ಉತ್ತರ ಪ್ರತಿ ಸಲವೂ ಬರುತ್ತದೆ. ಆ ಹತ್ತು ಸಸಿಗಳು ಊರಾಚೆ ಎಲ್ಲೋ ನೆಡಲ್ಪಡುತ್ತವೆ. ಇಲ್ಲಿನ ಮರದಡಿ ಗಾಡಿ ನಿಲ್ಲಿಸಿಕೊಂಡು ಸೊಪ್ಪು ಮಾರುವ ಅಮ್ಮನಿಗೆ, ಬಸ್ಸಿಗೆ ಕಾಯುವವರಿಗೆ ಅದರಿಂದ ಏನೂ ಸಿಗದು. ನೆರಳು ಇದ್ದ ಜಾಗದಲ್ಲೇ ಇರಬೇಕು, ಅದನ್ನು ಬೇರೆಡೆ ಪಾವತಿಸಲಾಗದು. ಈ ಮಾತಿಗೆ ಅಳತೆಯ ಆಧಾರವೂ ಇದೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಬೀದಿಗಳಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರವಿರುವ ರಸ್ತೆಯ ಗಾಳಿ ಮಧ್ಯಾಹ್ನದ ಹೊತ್ತು ಮರವಿಲ್ಲದ ಕಡೆಗಿಂತ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪಾಗಿತ್ತು. ಡಾಂಬರಿನ ಮೈಯಲ್ಲಿನ ವ್ಯತ್ಯಾಸ 27.5 ಡಿಗ್ರಿಯವರೆಗೆ ಇತ್ತು.

ಕಾರಿನವರಿಗೂ ಇದರಲ್ಲಿ ಪಾಲಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಡೇವಿಸ್ ಊರಿನ ಪಾರ್ಕಿಂಗ್ ಜಾಗದಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನ, ನೆರಳಲ್ಲಿ ನಿಂತ ಕಾರಿನ ಒಳಗು ಬಿಸಿಲಲ್ಲಿ ನಿಂತದ್ದಕ್ಕಿಂತ ಸುಮಾರು 26 ಡಿಗ್ರಿ ಸೆಲ್ಸಿಯಸ್ ತಂಪಾಗಿತ್ತು ಎಂದು ಕಂಡುಕೊಂಡಿತು. ಪೆಟ್ರೋಲ್ ಟ್ಯಾಂಕೂ ತಣ್ಣಗಿದ್ದುದರಿಂದ ಆವಿಯಾಗಿ ಗಾಳಿ ಸೇರುವ ಇಂಧನವೂ ಕಡಿಮೆ. ಅದೇ ರಾಜ್ಯದ ಸ್ಯಾಕ್ರಮೆಂಟೊ ನಗರ 1983ರಲ್ಲೇ ಒಂದು ನಿಯಮ ತಂದಿತ್ತು. ಹೊಸ ಪಾರ್ಕಿಂಗ್ ಜಾಗ ಮಾಡುವವರು ಹದಿನೈದು ವರ್ಷದೊಳಗೆ ಅದರ ಅರ್ಧದಷ್ಟು ನೆಲಕ್ಕೆ ಮರದ ನೆರಳು ಬೀಳುವಂತೆ ಗಿಡ ನೆಡಬೇಕು ಎಂಬ ನಿಯಮ. ಅಲ್ಲಿ ಪಾಲನೆ ಕಾಗದದಲ್ಲಿದ್ದಷ್ಟು ಆಗಿಲ್ಲ. ಆದರೂ ಪಾರ್ಕಿಂಗ್ ಬೇಕೆಂದರೆ ನೆರಳು ಕೊಡು ಎಂದು ಕೇಳುವ ಕಾನೂನು ಬರೆಯಬಹುದು ಎಂಬುದಂತೂ ಅದರಿಂದ ತಿಳಿಯಿತು. ನಮ್ಮಲ್ಲಿ ಕಟ್ಟಡಕ್ಕೆ ಇಷ್ಟು ಕಾರಿನ ಜಾಗ ಕಡ್ಡಾಯ ಎನ್ನುತ್ತೇವೆ, ಆ ಜಾಗಕ್ಕೆ ಇಷ್ಟು ನೆರಳು ಕಡ್ಡಾಯ ಎನ್ನುವುದಿಲ್ಲ.

ಜನರ ಮಾತಿಗೆ ಬೆಲೆ ಬಂದ ಒಂದು ಪ್ರಸಂಗ ಹೇಳಲೇಬೇಕು. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ನಡುವೆ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ 385 ಆಲದ ಮರಗಳನ್ನು ಯಾರು ಅರಿಯರು! ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣ 2019ರಲ್ಲಿ ಆ ಮರಗಳ ಬಳಿಗೂ ಬಂದಾಗ ನೂರು ದಾಟಿದ ಆ ತಾಯಿ ನೇರವಾಗಿ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರಲ್ಲಿ ಮರ ಉಳಿಸಿ ಎಂದು ಕೇಳಿದರು. ಬೇರೆ ದಾರಿ ಹುಡುಕುತ್ತೇವೆ ಎಂದು ಸರ್ಕಾರ ಒಪ್ಪಿತು. ನಕ್ಷೆಯ ಗೆರೆ ಬದಲಿಸಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ತಿಮ್ಮಕ್ಕ 2025ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರಷ್ಟು ಹೆಸರಿಲ್ಲದವರು ಸಾಕಿದ ಮರಗಳಿಗೂ ಅದೇ ಮರ್ಯಾದೆ ಸಿಗಬೇಕು.

ಅದಕ್ಕಾಗಿ ಬಡಾವಣೆಯ ಸಂಘಗಳು ಕೇಳಬೇಕಾದದ್ದು ಮೊದಲಿಗೆ ನಕ್ಷೆ. ಪ್ರತಿ ಮರವನ್ನೂ ಅದರ ಹರವಿನ ಸಮೇತ ಗುರುತಿಸಿದ, ಕಾರು ನಿಲ್ಲುವ ಗೆರೆಗಳೂ ಕಾಣುವ ನಕ್ಷೆ. ಎರಡು ಮರಗಳ ನಡುವೆ ಕಾರು ನಿಲ್ಲಿಸಿದರೆ ಎಷ್ಟು ಜಾಗ ಕಡಿಮೆಯಾಗುತ್ತದೆ ಎಂದು ಅಧಿಕಾರಿಗಳು ಬರಹದಲ್ಲಿ ಹೇಳಲಿ. ಎಷ್ಟೋ ಕಡೆ ಆ ಉತ್ತರ ನಾಲ್ಕೈದು ಕಾರು ದಾಟದು. ಮರ 50ಕ್ಕಿಂತ ಕಡಿಮೆ ಇದ್ದರೂ ಅನುಮತಿಯ ಪ್ರತಿಯನ್ನು ಮರಕ್ಕೇ ಅಂಟಿಸಿ ಕೆಲವು ದಿನ ಬಿಡಬೇಕೆಂಬ ಬೇಡಿಕೆಯನ್ನು ನಗರಪಾಲಿಕೆಯ ಮುಂದೆ ಇಡಬೇಕು. ಇರುವ ಪಾರ್ಕಿಂಗ್ ಜಾಗಗಳಲ್ಲಿ ಬುಡದ ಸುತ್ತಲಿನ ಟೈಲ್ಸ್ ಕೀಳಿಸುವ ಕೆಲಸಕ್ಕೆ ಮಾತ್ರ ಹೊಸ ಕಾನೂನು ಬೇಕಿಲ್ಲ. ಮಳೆಗಾಲ ಶುರುವಾಗುವ ಮುನ್ನ, ಬೇರಿಗೆ ಏಟಾಗದಂತೆ ಕೈಯಿಂದ ತೆಗೆಸಿ, ಒಂದು ಮೀಟರ್ ಮಣ್ಣು ಬಿಡಿಸಿ, ಚಕ್ರ ಹತ್ತದಂತೆ ಸುತ್ತ ನಾಲ್ಕು ಕಲ್ಲು ನೆಡಿಸಿದರೆ ಆ ವರ್ಷದ ಮಳೆಯೇ ಬೇರಿಗೆ ಇಳಿಯುತ್ತದೆ.