ಔಷಧಿ ಅಂಗಡಿಯಿಂದ ಅಚ್ಚುಕೂಟಕ್ಕೆ, ಅಲ್ಲಿಂದ ಪುರಸಭೆಗೆ

ಮಂಡ್ಯ ಸೀಮೆಯ ತಾಲ್ಲೂಕು ಕೇಂದ್ರಗಳಲ್ಲಿ ಊರಿನ ಪತ್ರಿಕೆಯ ಒಡೆಯರೇ ಚುನಾವಣೆಗೆ ನಿಂತಾಗಲೆಲ್ಲ, ಪತ್ರಿಕೆ ಯಾರದು, ಅದರೊಳಗಿನ ಜಾಹೀರಾತಿನ ಹಣ ಯಾರದು ಎಂಬ ಚರ್ಚೆ ಏಳುತ್ತದೆ. ಇಂಥವರಲ್ಲಿ ಕೆಲವರು ಔಷಧಿ ವ್ಯಾಪಾರದಿಂದ ಬಂದವರಾಗಿರುವುದು ಆಕಸ್ಮಿಕವಲ್ಲ.

ಮೈಸೂರು ಸಂಸ್ಥಾನದಲ್ಲಿ ಪತ್ರಿಕೆ ಮತ್ತು ರಾಜಕಾರಣ ಒಟ್ಟಿಗೇ ಬೆಳೆದವು. ಪ್ರಜಾಪ್ರತಿನಿಧಿ ಸಭೆ 1881ರಲ್ಲಿ ಆರಂಭವಾಯಿತು. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಮರಿಮಲ್ಲಪ್ಪ ಶಾಲೆಯ ಹೊಣೆಯ ಜೊತೆಗೇ 'ವೃತ್ತಾಂತ ಚಿಂತಾಮಣಿ'ಯಂಥ ಪತ್ರಿಕೆಗಳನ್ನು ನಡೆಸಿದರು. ಅನುಮತಿಯಿಲ್ಲದೆ ಪತ್ರಿಕೆ ಹೊರಡಿಸಬಾರದೆಂಬ ಕಾನೂನು 1908ರಲ್ಲಿ ಬಂದಾಗ ಹಲವು ಪತ್ರಿಕೆಗಳು ಪ್ರತಿಭಟಿಸಿ ನಿಂತುಹೋದವು. ಅಂದಿನ ಪತ್ರಿಕೆ ಅಧಿಕಾರದ ಹೊರಗೆ ನಿಂತು ಪ್ರಶ್ನಿಸುತ್ತಿತ್ತು. ಮಂಡ್ಯಕ್ಕೆ ನಾಲೆಯ ನೀರು, 1933ರ ಸಕ್ಕರೆ ಕಾರ್ಖಾನೆ, 1939ರಲ್ಲಿ ಹೊಸ ಜಿಲ್ಲೆಯ ಪಟ್ಟ, ಸಂಸ್ಥಾನಕ್ಕೆ 1947ರಲ್ಲಿ ಜನಪ್ರತಿನಿಧಿಗಳ ಜವಾಬ್ದಾರಿ ಸರ್ಕಾರ ಇವೆಲ್ಲ ಆದ ಮೇಲೆ ಪೇಟೆಯ ವರ್ತಕರ ಕೈಯಲ್ಲೂ ಪತ್ರಿಕೆ ನಡೆಸುವಷ್ಟು ಹಣ ಓಡಾಡತೊಡಗಿತು.

ಆ ವರ್ತಕರ ನಡುವೆ ಔಷಧಿ ಅಂಗಡಿಯವರ ಸ್ಥಾನ ಬೇರೆಯೇ ಆಗಿತ್ತು. ಮಿಕ್ಸ್‌ಚರ್ ಬಾಟಲಿಗೆ ಡೋಸಿನ ಗುರುತಾಗಿ ಕಚ್ಚು ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸಿಕೊಡುತ್ತಿದ್ದ ಕಾಲದಿಂದಲೂ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಸಕ್ಕರೆ ಕಾಯಿಲೆ ಎಂಬುದೆಲ್ಲ ಅವರಿಗೆ ಗೊತ್ತು. ಕಬ್ಬಿನ ಬಿಲ್ಲು ಬಂದ ಮೇಲೆ ಕೊಡುತ್ತೇನೆಂದವರಿಗೆ ರಾತ್ರಿ ಹನ್ನೊಂದಕ್ಕೂ ಬಾಗಿಲು ತೆರೆದು ಔಷಧಿ ಕೊಟ್ಟವರ ಮಾತಿಗೆ ಊರಿನಲ್ಲಿ ತೂಕವಿರುವುದು ಸಹಜ, ನ್ಯಾಯವೂ ಹೌದು. ಕಾಲಿನಿಂದ ತುಳಿದು ನಡೆಸುವ ಹಳೆಯ ಟ್ರೆಡಲ್ ಅಚ್ಚು ಯಂತ್ರವೊಂದನ್ನು ಕೊಂಡು, ಅಕ್ಷರದ ಮೊಳೆ ಜೋಡಿಸುವ ಒಬ್ಬಿಬ್ಬರನ್ನು ಇಟ್ಟುಕೊಂಡರೆ ನಾಲ್ಕು ಪುಟದ ವಾರಪತ್ರಿಕೆ ಹೊರಡುತ್ತಿತ್ತು. ನಾಲೆಗೆ ನೀರು ಬಿಡುವ ದಿನ, ಕಬ್ಬು ಕಟಾವಿನ ಸರದಿ, ಆಸ್ಪತ್ರೆಯಲ್ಲಿ ವೈದ್ಯರಿಲ್ಲದ ಸುದ್ದಿಯನ್ನು ದೊಡ್ಡ ಪತ್ರಿಕೆಗಳು ಮುಟ್ಟದಿದ್ದಾಗ ಇವು ಅಚ್ಚು ಹಾಕಿದವು. ಆ ಸೇವೆಯನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಖರ್ಚು ಹುಟ್ಟುತ್ತಿದ್ದುದು ಲಗ್ನಪತ್ರಿಕೆ, ಕರಪತ್ರ, ಪುರಸಭೆಯ ಟೆಂಡರ್ ಪ್ರಕಟಣೆ ಮತ್ತು ದಸರಾ ಸಂಚಿಕೆಗೆ ಮುಖಂಡರು ಕೊಡುತ್ತಿದ್ದ ಶುಭಾಶಯಗಳಿಂದ.

ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ 1987ರಲ್ಲಿ ಚುನಾವಣೆ ನಡೆದಾಗ ಸ್ಥಳೀಯ ನಾಯಕರಿಗೆ ಸಾವಿರಾರು ಹೊಸ ಸ್ಥಾನಗಳು ತೆರೆದುಕೊಂಡವು. ಊರಿಗೆಲ್ಲ ಪರಿಚಿತರಾಗಿದ್ದ ಪತ್ರಿಕೆಯ ಒಡೆಯರನ್ನು ಪಕ್ಷಗಳು ತಾವಾಗಿಯೇ ಹುಡುಕಿಕೊಂಡು ಬರುವ ಸನ್ನಿವೇಶ ಹುಟ್ಟಿತು. ಒಡೆಯರು ಗೆದ್ದ ಮೇಲೆ ಚರಂಡಿಯ ಬಗ್ಗೆ ಬರೆಯಬೇಕಾದ ಪತ್ರಿಕೆ ಚರಂಡಿಯ ಟೆಂಡರ್ ಅನ್ನು ಮಾತ್ರ ಪ್ರಕಟಿಸುವ ಇಕ್ಕಟ್ಟು ಎದುರಾಗುತ್ತದೆ.

ಕಾನೂನು ಔಷಧಿ ಅಂಗಡಿ, ಪತ್ರಿಕೆ, ಪುರಸಭೆ ಎಂಬ ಈ ಮೂರು ಮೆಟ್ಟಿಲುಗಳನ್ನು ಒಂದೇ ಬಿಗಿಯಲ್ಲಿ ನೋಡಿಲ್ಲ. ಔಷಧಿ ಮಾರಲು ಪರವಾನಗಿ ಬೇಕು. ವೈದ್ಯರ ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟ್ ನಿಗಾದಲ್ಲೇ ಕೊಡಬೇಕು. ಪತ್ರಿಕೆಗೆ 1867ರ ಕಾಯ್ದೆಯಂತೆ ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಸಲ್ಲಿಸಬೇಕಿತ್ತು. 2023ರ ಹೊಸ ಕಾಯ್ದೆ ಅದನ್ನು ಆನ್‌ಲೈನ್ ನೋಂದಣಿಯಾಗಿ ಇನ್ನಷ್ಟು ಸುಲಭಗೊಳಿಸಿತು. ಸದಸ್ಯರು ತಮ್ಮ ಸಂಸ್ಥೆಯ ಗುತ್ತಿಗೆಯಲ್ಲಿ ಪಾಲು ಹೊಂದಬಾರದೆನ್ನುವ ದೇಶದ ಹಲವು ಪೌರ ಕಾಯ್ದೆಗಳು, ಅದೇ ಸಂಸ್ಥೆಯ ಜಾಹೀರಾತು ಪಡೆಯುವ ಪತ್ರಿಕೆಯಲ್ಲಿನ ಪಾಲಿಗೆ ವಿನಾಯಿತಿ ಕೊಟ್ಟಿವೆ. ಜಾಹೀರಾತು ಸಾರ್ವಜನಿಕ ಮಾಹಿತಿ ಎಂಬುದು ಅದಕ್ಕೆ ಸಮರ್ಥನೆಯಾಗಬಹುದು. ಒಂದೇ ಪತ್ರಿಕೆ ಇರುವ ಊರಿನಲ್ಲಿ ಆ ಸಮರ್ಥನೆ ಸಾಲದು.

ಮಾಲೀಕತ್ವದ ವಿವರವನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕೆಂದು 1956ರ ನಿಯಮಗಳು ವಿಧಿಸಿದ್ದವು. ನಮೂನೆ 4 ಎಂಬ ಆ ಪಟ್ಟಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು, ರಾಷ್ಟ್ರೀಯತೆ, ವಿಳಾಸಗಳ ಜೊತೆಗೆ ಶೇ 1ಕ್ಕಿಂತ ಹೆಚ್ಚು ಪಾಲುಳ್ಳವರ ಹೆಸರನ್ನೂ ಕೇಳುತ್ತಿತ್ತು. ಒಡೆಯರು ಯಾವ ಸಭೆಯ ಸದಸ್ಯರು, ಆ ಸಭೆಯಿಂದ ಪತ್ರಿಕೆಗೆ ಎಷ್ಟು ಹಣ ಬಂತು ಎಂಬುದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ.